ಹದಿನೇಳು ವರ್ಷ ಕಾದ ಕನ್ನಡಕದ ಹೀರೋ!

ಮೀನಿನಂಗಡಿಯಿಂದ ಗ್ಲಾಸ್ಟನ್‌ಬರಿ ವೇದಿಕೆಯವರೆಗೆ... 'ಪಲ್ಪ್' ಬ್ಯಾಂಡಿನ ಜಾರ್ವಿಸ್ ಕಾಕರ್ ನಡೆದು ಬಂದ ದಾರಿ

೧೯೯೫ರ ಜೂನ್ ೨೪. ಶನಿವಾರ ರಾತ್ರಿ. ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯಲ್ಲಿ ಹಸು ಸಾಕುವ ಒಂದು ದೊಡ್ಡ ಫಾರಂ. ವರ್ಷವೆಲ್ಲಾ ದನ ಮೇಯುವ ಆ ಬಯಲಿನಲ್ಲಿ ಅಂದು ಕಣ್ಣು ಹಾಯಿಸಿದಷ್ಟು ದೂರವೂ ಬರೀ ತಲೆಗಳು! ಗ್ಲಾಸ್ಟನ್‌ಬರಿ ಸಂಗೀತ ಜಾತ್ರೆ ಅಂದರೆ ಹಾಗೇ. ಆ ರಾತ್ರಿಯ ಮುಖ್ಯ ಕಾರ್ಯಕ್ರಮ ಕೊಡಬೇಕಾಗಿದ್ದದ್ದು 'ಸ್ಟೋನ್ ರೋಸಸ್' ಎಂಬ ಭಾರೀ ಹೆಸರಿನ ಬ್ಯಾಂಡು. ಆದರೆ ಅವರ ಗಿಟಾರ್ ವಾದಕ ಜಾನ್ ಸ್ಕ್ವೈರ್ ಸೈಕಲ್ಲಿನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡ. ಮುಹೂರ್ತದ ದಿನ ನಾಯಕನೇ ಕೈಕೊಟ್ಟ ಹಾಗಾಯ್ತು ಪರಿಸ್ಥಿತಿ! ಕೊನೇ ಗಳಿಗೆಯಲ್ಲಿ ಬದಲಿಯಾಗಿ ಕರೆ ಹೋದದ್ದು 'ಪಲ್ಪ್' ಎಂಬ ಬ್ಯಾಂಡಿಗೆ.

ವೇದಿಕೆಗೆ ಬಂದವನನ್ನು ನೋಡಿದರೆ ರಾಕ್ ಸ್ಟಾರ್ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಆರಡಿ ಮೀರಿದ ಎತ್ತರ, ಕಡ್ಡಿಯಂಥ ಮೈ, ಹಳೇ ಬಟ್ಟೆ ಅಂಗಡಿಯಿಂದ ತಂದ ಹಾಗೆ ಕಾಣುವ ಕೋಟು. ಕೈಕಾಲು ಒಂದೊಂದು ದಿಕ್ಕಿಗೆ ಹೋಗುವ ಕುಣಿತ. ಆದರೂ ಕೊನೆಯ ಹಾಡು ಶುರುವಾದಾಗ ಇಡೀ ಬಯಲೇ ಅವನ ಜೊತೆ ಹಾಡಿತು. ಅದಕ್ಕೆ ಮುಂಚೆ ಈತ ಜನಕ್ಕೆ ಒಂದು ಮಾತು ಹೇಳಿದ. ಏನಾದರೂ ಆಗಲೇಬೇಕು ಅಂತ ಗಟ್ಟಿಯಾಗಿ ಆಸೆಪಟ್ಟರೆ ಅದು ಆಗೇ ಆಗುತ್ತೆ. ನನ್ನಂಥ ಒಣಕಲನಿಗೇ ಆಯ್ತು ಅಂದಮೇಲೆ ನಿಮಗೂ ಆಗುತ್ತೆ... ಇದು ಆ ಮಾತಿನ ಸಾರ.

ಕೇಳಲು ಚೆನ್ನಾಗಿದೆ. ಚಪ್ಪಾಳೆ ಬೀಳುವ ಡೈಲಾಗು. ಆದರೆ ನಿಜವೇ? ಒಂದು ಛಾನ್ಸಿಗಾಗಿ ಕಾಯುತ್ತಾ ಇರುವ ಹುಡುಗರು ನಮ್ಮ ಓದುಗರಲ್ಲಿ ಎಷ್ಟು ಜನ ಇಲ್ಲ? ಅವರಿಗೆ ಈ ಮಾತು ಎಷ್ಟು ಉಪಯೋಗ? ಅದನ್ನು ತಿಳಿಯಬೇಕಾದರೆ ಜಾರ್ವಿಸ್ ಕಾಕರ್ ಆ ವೇದಿಕೆಗೆ ಬರುವ ಮುಂಚಿನ ಹದಿನೇಳು ವರ್ಷದ ಲೆಕ್ಕ ತೆಗೆಯಬೇಕು. ತೆಗೆಯೋಣ ಬನ್ನಿ!

ಉಕ್ಕಿನ ಊರು, ತೊಗಲಿನ ಚಡ್ಡಿ

ಶೆಫೀಲ್ಡ್ ಅಂದರೆ ಉಕ್ಕಿನ ಊರು. ಚಾಕು, ಕತ್ತರಿ, ಚಮಚಕ್ಕೆ ಲೋಕಪ್ರಸಿದ್ಧ. ಉತ್ತರ ಇಂಗ್ಲೆಂಡಿನ ಆ ಊರಿನಲ್ಲಿ ೧೯೬೩ರ ಸೆಪ್ಟೆಂಬರ್ ೧೯ರಂದು ಜಾರ್ವಿಸ್ ಹುಟ್ಟಿದ. ಐದನೇ ವಯಸ್ಸಿಗೆ ಮೆದುಳು ಜ್ವರ ಬಂದು ಹುಡುಗ ಸಾಯುವ ಹಾಗಾಗಿ ಉಳಿದುಕೊಂಡ. ಆದರೆ ಕಣ್ಣು ಮಂಜಾಯಿತು. ಅಂದು ಬಂದ ದಪ್ಪ ಗಾಜಿನ ಕನ್ನಡಕ ಜೀವಮಾನಕ್ಕೂ ಜೊತೆಯಾಯಿತು.

ಏಳು ವರ್ಷ ತುಂಬುವ ಹೊತ್ತಿಗೆ ಇನ್ನೊಂದು ಪೆಟ್ಟು. ತಂದೆ ಮ್ಯಾಕ್ ಕಾಕರ್ ೧೯೭೦ರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟುಹೋದ. ಅಲ್ಲಿ ರೇಡಿಯೋದಲ್ಲಿ ಹೆಸರು ಮಾಡಿದ. ಪ್ರಖ್ಯಾತ ಗಾಯಕ ಜೋ ಕಾಕರ್ ಈತನ ಅಣ್ಣನೋ ತಮ್ಮನೋ ಇರಬೇಕು ಅಂತ ಅಲ್ಲಿಯ ಜನ ನಂಬಿದ್ದರು. ಈತನೂ ಅದನ್ನು ಅಲ್ಲಗಳೆಯಲು ಹೋಗಲಿಲ್ಲ! ಇತ್ತ ಶೆಫೀಲ್ಡಿನಲ್ಲಿ ಮಗ ಮತ್ತು ಮಗಳನ್ನು ತಾಯಿ ಒಬ್ಬರೇ ಸಾಕಿದರು. ಜರ್ಮನಿ ಕಡೆಯ ನೆಂಟರು ಕಳಿಸಿದ ತೊಗಲಿನ ಚಡ್ಡಿ ಹಾಕಿಸಿ ಮಗನನ್ನು ಸ್ಕೂಲಿಗೆ ಕಳಿಸಿದರು. ಉಕ್ಕಿನ ಕಾರ್ಖಾನೆ ಊರಿನ ಹುಡುಗರ ನಡುವೆ ಕನ್ನಡಕ, ತೊಗಲು ಚಡ್ಡಿ, ಕೊಕ್ಕರೆ ಕಾಲು! ಬಿಡ್ತಾರೆಯೇ? ಗೇಲಿಯೋ ಗೇಲಿ. ಗುಂಪಿಗೆ ಸೇರದವನು ಏನು ಮಾಡಬೇಕು? ಪಕ್ಕಕ್ಕೆ ನಿಂತು ಗುಂಪನ್ನು ನೋಡಬೇಕು. ಜಾರ್ವಿಸ್ ಅದನ್ನೇ ಮಾಡಿದ. ಮುಂದೆ ಅವನ ಹಾಡುಗಳೆಲ್ಲಾ ಹೀಗೆ ಪಕ್ಕದಲ್ಲಿ ನಿಂತು ನೋಡಿದವನ ಹಾಡುಗಳೇ.

ನೋಟ್‌ಬುಕ್ಕಿನಲ್ಲೊಂದು ಮಾಸ್ಟರ್ ಪ್ಲಾನ್

೧೯೭೮. ಹುಡುಗನಿಗೆ ಹದಿನೈದು. ಅರ್ಥಶಾಸ್ತ್ರದ ಕ್ಲಾಸಿನಲ್ಲಿ ಮೇಷ್ಟರು ಪೇಪರಿನಲ್ಲಿ ಬರುವ ಸರಕಿನ ದರಪಟ್ಟಿ ಓದಿಸುತ್ತಿದ್ದರು. ಅದರಲ್ಲಿ ಒಂದು ಜಾತಿಯ ಕಾಫಿ ಬೀಜದ ಹೆಸರು ಕಣ್ಣಿಗೆ ಬಿತ್ತು. ಅದನ್ನೇ ಸ್ವಲ್ಪ ತಿರುಚಿ, ಗೆಳೆಯ ಪೀಟರ್ ಡಾಲ್ಟನ್ ಜೊತೆ ಕಟ್ಟಿದ ಬ್ಯಾಂಡಿಗೆ 'ಅರಾಬಿಕಸ್ ಪಲ್ಪ್' ಅಂತ ಹೆಸರಿಟ್ಟ. ಯಾರ ಬಾಯಲ್ಲೂ ಹೊರಳದ ಹೆಸರು! ಸ್ವಲ್ಪ ದಿನಕ್ಕೆ ಮೊದಲರ್ಧ ಉದುರಿ 'ಪಲ್ಪ್' ಮಾತ್ರ ಉಳಿಯಿತು.

ಬ್ಯಾಂಡಿಗೆ ಸರಿಯಾಗಿ ವಾದ್ಯವೂ ಇಲ್ಲ, ನುಡಿಸಲೂ ಬರದು. ಆದರೆ ಜಾರ್ವಿಸ್‌ನ ಶಾಲಾ ನೋಟ್‌ಬುಕ್ಕಿನಲ್ಲಿ 'ಪಲ್ಪ್ ಮಾಸ್ಟರ್ ಪ್ಲಾನ್' ತಯಾರು! ಯಾವ ಥರದ ಬಟ್ಟೆ ಹಾಕಬೇಕು, ಸಂಗೀತ ಲೋಕದ ದೊಡ್ಡ ಕಂಪನಿಗಳನ್ನು ಹೇಗೆ ಉರುಳಿಸಬೇಕು... ಎಲ್ಲಾ ಬರೆದಿಟ್ಟಿದ್ದ. ಶನಿವಾರ ಮಾತ್ರ ಊರಿನ ಮಾರ್ಕೆಟ್ಟಿನ ಮೀನಿನಂಗಡಿಯಲ್ಲಿ ಏಡಿ ತಿಕ್ಕಿ ತೊಳೆಯುವ ಕೆಲಸ. ಕೈಗೆ ಹತ್ತಿದ ಮೀನಿನ ವಾಸನೆಯ ಜೊತೆಗೆ ಶನಿವಾರ ಸಂಜೆ ಹುಡುಗಿಯರ ಎದುರು ನಿಲ್ಲಬೇಕು. ಕಷ್ಟ ಯಾರಿಗೆ ಹೇಳೋಣ!

೧೯೮೦ರ ಬೇಸಿಗೆಯಲ್ಲಿ ಪಕ್ಕದ ರಾದರ್‌ಹ್ಯಾಮ್ ಊರಿನಲ್ಲಿ ಪಲ್ಪ್‌ನ ಮೊದಲ ಕಾರ್ಯಕ್ರಮ. ಮರುವರ್ಷ ಬಂತು ದೊಡ್ಡ ಅವಕಾಶ. ಜಾನ್ ಪೀಲ್ ಅಂತ ಬಿಬಿಸಿ ರೇಡಿಯೋದ ಒಬ್ಬ ನಿರೂಪಕ. ಹೆಸರಿಲ್ಲದ ಹುಡುಗರು ಕಳಿಸಿದ ಕ್ಯಾಸೆಟ್ಟನ್ನೂ ಕೇಳಿ, ಹಿಡಿಸಿದರೆ ಸ್ಟುಡಿಯೋಗೆ ಕರೆಸಿ ರೆಕಾರ್ಡ್ ಮಾಡಿಸಿ, ದೇಶಕ್ಕೆಲ್ಲಾ ಕೇಳಿಸುತ್ತಿದ್ದ ಪುಣ್ಯಾತ್ಮ. ಪೀಲ್ ಶೆಫೀಲ್ಡಿಗೆ ಬಂದಾಗ ಜಾರ್ವಿಸ್ ಹೋಗಿ ಒಂದು ಕ್ಯಾಸೆಟ್ ಕೈಗಿಟ್ಟ. ಕರೆ ಬಂದೇ ಬಂತು! ೧೯೮೧ರ ನವೆಂಬರಿನಲ್ಲಿ ರೆಕಾರ್ಡಿಂಗ್. ಹದಿನೆಂಟನೇ ವಯಸ್ಸಿಗೆ ಬಿಬಿಸಿಯಲ್ಲಿ ಹಾಡು! ಇನ್ನೇನು, ಗೆದ್ದಾಯ್ತು ಅಂದುಕೊಂಡ ಹುಡುಗ.

ಆಮೇಲೆ ಏನಾಯ್ತು ಗೊತ್ತೇ? ಏನೂ ಆಗಲಿಲ್ಲ!

ಜೊತೆಯವರು ಒಬ್ಬೊಬ್ಬರಾಗಿ ಯೂನಿವರ್ಸಿಟಿ ಸೇರಿ ಊರು ಬಿಟ್ಟರು. ಜಾರ್ವಿಸ್ ಓದನ್ನು ಆಮೇಲೆ ನೋಡಿಕೊಳ್ಳೋಣ ಅಂತ ಮುಂದಕ್ಕೆ ಹಾಕಿ ಊರಲ್ಲೇ ಉಳಿದ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಬರೆಯಲು ಕೂತ ನನ್ನಂಥವನಿಗೆ ಆ ಉಳಿಯುವಿಕೆ ಚೆನ್ನಾಗಿ ಅರ್ಥವಾಗುತ್ತೆ. ಗೆಳೆಯರು ರಜೆಗೆ ಊರಿಗೆ ಬಂದು "ಏನಯ್ಯಾ, ಏನು ಮಾಡ್ತಿದ್ದೀಯಾ?" ಅಂತ ಕೇಳುವಾಗ ಬಾಯಿಗೆ ಉತ್ತರ ಬರೋಲ್ಲ.

ಕಿಟಕಿಯಿಂದ ಬಿದ್ದ ಸ್ಪೈಡರ್‌ಮ್ಯಾನ್

೧೯೮೩ರಲ್ಲಿ 'ಇಟ್' ಎಂಬ ಪುಟ್ಟ ಆಲ್ಬಂ ಬಂತು, ಹೋಯ್ತು. ಆ ಹೊತ್ತಿಗೆ ಶೆಫೀಲ್ಡಿನಲ್ಲಿ ಉಕ್ಕಿನ ಕಾರ್ಖಾನೆಗಳು ಬಾಗಿಲು ಹಾಕುತ್ತಿದ್ದವು. ಸುತ್ತಿನ ಕಲ್ಲಿದ್ದಲ ಗಣಿಗಳಲ್ಲಿ ೧೯೮೪-೮೫ರ ದೊಡ್ಡ ಮುಷ್ಕರ. ಊರ ತುಂಬಾ ಕೆಲಸವಿಲ್ಲದ ಹುಡುಗರು. ಜಾರ್ವಿಸ್ ಹೊಟ್ಟೆ ಹೊರೆದದ್ದು ಸರ್ಕಾರ ಕೊಡುವ ನಿರುದ್ಯೋಗ ಭತ್ಯೆಯಿಂದ. ಅಲ್ಲಿಯ ಜನ ಅದನ್ನು 'ಡೋಲ್' ಅಂತಾರೆ. ಈ ಡೋಲ್ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಬ್ಯಾಂಡಿಗೆ ಹೊಸಬರು ಸೇರಿದರು. ಪಿಟೀಲು, ಗಿಟಾರಿಗೆ ರಸೆಲ್ ಸೀನಿಯರ್. ಕೀಬೋರ್ಡಿಗೆ ಕ್ಯಾಂಡಿಡಾ ಡಾಯ್ಲ್ ಎಂಬ ಹುಡುಗಿ. ಸ್ವಲ್ಪ ತಡವಾಗಿ ಡ್ರಮ್ಸಿಗೆ ನಿಕ್ ಬ್ಯಾಂಕ್ಸ್. ೧೯೬೬ರ ಫುಟ್‌ಬಾಲ್ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಗೋಲ್‌ಕೀಪರ್ ಗಾರ್ಡನ್ ಬ್ಯಾಂಕ್ಸ್ ಗೊತ್ತಲ್ಲ, ಅವರ ಬಂಧು!

೧೯೮೫ರ ನವೆಂಬರ್. ಒಬ್ಬ ಹುಡುಗಿಯನ್ನು ಮೆಚ್ಚಿಸುವ ಹುಮ್ಮಸ್ಸು. ಸಿನಿಮಾ ಹೀರೋ ಥರ ಏನಾದರೂ ಸಾಹಸ ತೋರಿಸಬೇಕಲ್ಲ! ಮಹಡಿಯ ಕಿಟಕಿಯಿಂದ ಆಚೆಗೆ ಇಳಿದು ಸ್ಪೈಡರ್‌ಮ್ಯಾನ್ ಹಾಗೆ ಜೋತಾಡಿದ. ಕೈಯಲ್ಲಿ ಕಸುವು ಮುಗಿಯಿತು. ದೊಪ್ಪೆಂದು ಕೆಳಗೆ! ಸೊಂಟದ ಮೂಳೆ, ಪಾದ, ಮಣಿಕಟ್ಟು, ಎಲ್ಲಾ ಮುರಿತ. ಆಸ್ಪತ್ರೆಯಿಂದ ಬಂದ ಮೇಲೂ ಕೆಲಕಾಲ ಗಾಲಿ ಕುರ್ಚಿ. ಹುಡುಗ ಸುಮ್ಮನಿದ್ದನೇ? ಗಾಲಿ ಕುರ್ಚಿಯಲ್ಲೇ ಕೂತು ವೇದಿಕೆಯ ಮೇಲೆ ಹಾಡಿದ!

ಈ ಬೀಳುವಿಕೆಯೇ ತನ್ನ ಬದುಕಿನ ತಿರುವು ಅಂತ ಜಾರ್ವಿಸ್ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಅಲ್ಲಿಯವರೆಗೆ ಕೀರ್ತಿ ಎಂಬುದು ಎಲ್ಲೋ ಆಕಾಶದಿಂದ ಇಳಿದು ಬರುತ್ತೆ ಅಂತ ಬಾಯಿ ತೆರೆದು ಕಾಯುತ್ತಿದ್ದ. ಆಸ್ಪತ್ರೆಯ ಹಾಸಿಗೆಯಲ್ಲಿ ಅಲುಗಾಡದೆ ಮಲಗಿದಾಗ ಪಕ್ಕದ ಹಾಸಿಗೆಯವರ ಮಾತು ಕಿವಿಗೆ ಬಿತ್ತು. ಅವರ ಕೆಲಸ, ಅವರ ಹೆಂಡತಿ ಮಕ್ಕಳು, ಅವರ ಜೋಕು, ಅವರ ನೋವು. 'ಅರೇ, ಕಥೆಯೆಲ್ಲಾ ಇಲ್ಲೇ ಇದೆಯಲ್ಲಾ!' ಅನ್ನಿಸಿತು. ಚಂದ್ರ ತಾರೆ ಬಿಟ್ಟು ಪಕ್ಕದ ಮನೆಯ ಕಡೆ ತಿರುಗಿದ. ಬಸ್ಸಿನ ಸೀಟು, ಬಾಡಿಗೆ ಕೋಣೆ, ಗೋಡೆಯ ಹಾಳು ವಾಲ್‌ಪೇಪರು, ಮದುವೆಯಾಗಿ ದೂರವಾದ ಹಳೇ ಗೆಳತಿ... ಅವನ ಹಾಡಿನ ಸರಕು ಅಲ್ಲಿಂದ ಶುರು.

ಡಬ್ಬಾದಲ್ಲಿ ಕೂತ ಆಲ್ಬಂ

ಇಲ್ಲೊಂದು ಮಾತು. 'ಇಂಡಿ' ಅಂದರೆ ಇಂಡಿಪೆಂಡೆಂಟ್. ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದೆ ಸಣ್ಣ ಕಂಪನಿಗಳು ತರುತ್ತಿದ್ದ ಸಂಗೀತ. ಸ್ವಾತಂತ್ರ್ಯ ಉಂಟು, ದುಡ್ಡು ಇಲ್ಲ! ಪಲ್ಪ್ 'ಫೈರ್ ರೆಕಾರ್ಡ್ಸ್' ಎಂಬ ಅಂಥ ಕಂಪನಿ ಸೇರಿತ್ತು. ೧೯೮೭ರಲ್ಲಿ ಬಂದ 'ಫ್ರೀಕ್ಸ್' ಆಲ್ಬಂ ಮಕಾಡೆ ಮಲಗಿತು. ೧೯೮೯ರಲ್ಲಿ ರೆಕಾರ್ಡ್ ಮಾಡಿದ 'ಸೆಪರೇಶನ್ಸ್' ಹೊರಗೆ ಬಂದದ್ದು ಯಾವಾಗ ಅಂತೀರಾ? ೧೯೯೨ರಲ್ಲಿ! ಸೆನ್ಸಾರ್ ಮುಗಿದ ಮೇಲೂ ಥಿಯೇಟರ್ ಸಿಗದೆ ಡಬ್ಬಾದಲ್ಲಿ ಕೂತ ಸಿನಿಮಾ ನೋಡಿದ್ದೀರಲ್ಲ, ಹಾಗೆ ಮೂರು ವರ್ಷ.

ಈ ನಡುವೆ ೧೯೮೮ರಲ್ಲಿ ಜಾರ್ವಿಸ್ ಶೆಫೀಲ್ಡ್ ಬಿಟ್ಟ. ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾ ಕಾಲೇಜಿಗೆ ಸೇರಿದ. ಯಾವ ವಿಷಯಕ್ಕೆ ಗೊತ್ತೇ? ಸಿನಿಮಾ! ಹೌದು ಗೆಳೆಯರೇ, ಈ ರಾಕ್ ಗಾಯಕ ಕ್ಯಾಮೆರಾ ಹಿಡಿದು ಕಲಿತವನು. ಬೇಸ್ ಗಿಟಾರಿಗೆ ಬಂದ ಸ್ಟೀವ್ ಮ್ಯಾಕಿಯೂ ಲಂಡನ್ನಿನಲ್ಲಿ ಸಿನಿಮಾ ಓದುತ್ತಿದ್ದವನೇ. 'ಏಫೆಕ್ಸ್ ಟ್ವಿನ್' ಎಂಬ ಸಂಗೀತಗಾರನ 'ಆನ್' ಹಾಡಿಗೆ ೧೯೯೩ರಲ್ಲಿ ಬಂದ ವಿಡಿಯೋ ಜಾರ್ವಿಸ್ ನಿರ್ದೇಶನದ್ದು.

ಈ ಸಿನಿಮಾ ಪಾಠ ಅವನ ಹಾಡುಗಳಲ್ಲಿ ಎದ್ದು ಕಾಣುತ್ತೆ. ೧೯೯೨ರ 'ಬೇಬೀಸ್' ಕೇಳಿ. ಗೆಳತಿಯ ಅಕ್ಕನ ಕೋಣೆಯ ಬೀರುವಿನೊಳಗೆ ಅವಿತು ಕೂತ ಹುಡುಗನ ಪಜೀತಿ ಅದು. ಸ್ಥಳ, ಸಮಯ, ಪಾತ್ರ, ತಿರುವು, ಕ್ಲೈಮ್ಯಾಕ್ಸ್ ಎಲ್ಲಾ ಇದೆ. ನಾಲ್ಕು ನಿಮಿಷದ ಸಿನಿಮಾ! ರಾಗ ಸಂಯೋಜನೆ ಇಡೀ ಬ್ಯಾಂಡಿನದು, ಮಾತು ಮಾತ್ರ ಜಾರ್ವಿಸ್‌ನದು. ಆಲ್ಬಂ ಜೊತೆ ಸಾಹಿತ್ಯ ಅಚ್ಚು ಹಾಕಿಸಿ, ದಯವಿಟ್ಟು ಹಾಡು ಕೇಳುವಾಗ ಇದನ್ನು ಓದಬೇಡಿ ಅಂತ ಸೂಚನೆ ಬೇರೆ ಕೊಡುತ್ತಿದ್ದ. ಮಾತು ಬಾಯಿಂದ ಬರಬೇಕು, ಕಾಗದದಿಂದಲ್ಲ ಅನ್ನೋ ಹಟ!

ನಿಧಾನಕ್ಕೆ ಗಾಳಿ ತಿರುಗಿತು. 'ಐಲ್ಯಾಂಡ್' ಎಂಬ ದೊಡ್ಡ ಕಂಪನಿ ಕೈ ಹಿಡಿಯಿತು. ೧೯೯೪ರ 'ಹಿಸ್ ಆಂಡ್ ಹರ್ಸ್' ಆಲ್ಬಂ ಬ್ರಿಟನ್ ಪಟ್ಟಿಯ ಒಂಬತ್ತನೇ ಸ್ಥಾನಕ್ಕೆ ಏರಿತು. ಜಾರ್ವಿಸ್‌ಗೆ ಆಗ ಮೂವತ್ತು ದಾಟಿತ್ತು. ರಾಕ್ ಲೋಕದಲ್ಲಿ ಎಷ್ಟೋ ಜನ ಬಾಗಿಲು ಮುಚ್ಚಿ ಮನೆಗೆ ಹೋಗುವ ವಯಸ್ಸು. ಇವನಿಗೆ ಅದು ಬೋಣಿ!

ಆ ಹಾಡು!

ಒಂದು ದಿನ ಜಾರ್ವಿಸ್ ಲಂಡನ್ನಿನ ನಾಟಿಂಗ್ ಹಿಲ್‌ನ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗಿ ತನ್ನ ಹಳೇ ರೆಕಾರ್ಡುಗಳನ್ನು ಕೊಟ್ಟ. ಬಂದ ದುಡ್ಡಿಗೆ ಒಂದು ಸಣ್ಣ ಕ್ಯಾಸಿಯೋ ಕೀಬೋರ್ಡ್ ಕೊಂಡು ತಂದ. ಅದರ ಮೇಲೆ ಬೆರಳಾಡಿಸುವಾಗ ಸಿಕ್ಕಿದ ಒಂದು ಸಾದಾ ರಾಗವೇ 'ಕಾಮನ್ ಪೀಪಲ್'ನ ಬೀಜ.

ಕಥೆ ಇಷ್ಟೇ. ಸೇಂಟ್ ಮಾರ್ಟಿನ್ಸ್ ಕಾಲೇಜಿನಲ್ಲಿ ಗ್ರೀಸ್ ದೇಶದ ಒಬ್ಬ ಶ್ರೀಮಂತರ ಹುಡುಗಿ. ಸಾಮಾನ್ಯ ಜನರ ಥರ ಬದುಕಬೇಕು ಅನ್ನೋದು ಅವಳ ಆಸೆ. ಬಡತನ ಅವಳಿಗೆ ಒಂದು ಪಿಕ್‌ನಿಕ್ಕು! ಹಾಡಿನ ಹುಡುಗ ಮೊದಲು ನಗುತ್ತಾನೆ. ಆಮೇಲೆ ನಗು ಸಿಟ್ಟಾಗುತ್ತೆ. ಇರುಳು ಜಿರಲೆ ಓಡಾಡುವ ಕೋಣೆಯಲ್ಲಿ ನೀನು ಮಲಗಬಹುದು ತಾಯಿ, ಆದರೆ ಬೇಸರ ಬಂದ ಕೂಡಲೇ ಅಪ್ಪನಿಗೆ ಒಂದು ಫೋನ್ ಮಾಡಿದರೆ ಮುಗಿಯಿತು. ಆ ಫೋನ್ ನಂಬರ್ ನಮಗಿಲ್ಲ ಅನ್ನೋದು ಅವನ ವಾದ. ಬಡತನ ಅಂದರೆ ಬರೀ ದುಡ್ಡಿಲ್ಲದೆ ಇರೋದಲ್ಲ, ಹೊರಗೆ ಹೋಗುವ ಬಾಗಿಲೇ ಇಲ್ಲದೆ ಇರೋದು. ಕುಣಿಯುವ ತಾಳದಲ್ಲಿ ಈ ಮಾತು ಹೇಳಿದ್ದಾನಲ್ಲಾ, ಅದೇ ಗಮ್ಮತ್ತು.

ಆ ಹುಡುಗಿ ಯಾರು? ಇಂದಿಗೂ ಗುಟ್ಟೇ. ೨೦೧೫ರಲ್ಲಿ ಗ್ರೀಸ್‌ನ ಒಂದು ಪತ್ರಿಕೆ ಒಬ್ಬರತ್ತ ಬೆರಳು ತೋರಿಸಿತು. ಜಾರ್ವಿಸ್ ಹೌದು ಅನ್ನಲಿಲ್ಲ. ಇನ್ನೊಂದು ಸ್ವಾರಸ್ಯ ಕೇಳಿ. ಹಾಡಿನಲ್ಲಿ ಆ ಹುಡುಗಿ ಇವನ ಮೇಲೇ ಕಣ್ಣು ಹಾಕುತ್ತಾಳೆ. ನಿಜದಲ್ಲಿ ಆಕೆಗೆ ಇವನ ಮೇಲೆ ಒಂದಿಷ್ಟೂ ಆಸೆ ಇರಲಿಲ್ಲ, ಅದು ತಾನು ಸೇರಿಸಿದ ಮಸಾಲೆ ಅಂತ ಜಾರ್ವಿಸ್‌ನೇ ಒಪ್ಪಿಕೊಂಡಿದ್ದಾನೆ!

ಹಾಡಿನ ವಿಡಿಯೋದಲ್ಲಿ ಆ ಹುಡುಗಿಯಾಗಿ ಬಂದದ್ದು ನಟಿ ಸೇಡಿ ಫ್ರಾಸ್ಟ್. ೧೯೯೨ರಲ್ಲಿ ಕೊಪ್ಪೊಲಾ ನಿರ್ದೇಶಿಸಿದ 'ಡ್ರಾಕುಲಾ'ದಲ್ಲಿ ಲೂಸಿಯಾಗಿ ಬೆಚ್ಚಿಬೀಳಿಸಿದಳಲ್ಲ, ಅವಳೇ. ೧೯೯೫ರ ಮೇ ತಿಂಗಳಲ್ಲಿ ಬಂದ ಹಾಡು ಸೀದಾ ಎರಡನೇ ಸ್ಥಾನಕ್ಕೆ ನುಗ್ಗಿತು. ಒಂದನೇ ಸ್ಥಾನ ಬಿಟ್ಟುಕೊಡದವರು ಯಾರು ಗೊತ್ತೇ? ರಾಬ್ಸನ್ ಮತ್ತು ಜೆರೋಮ್ ಎಂಬ ಇಬ್ಬರು ಟೀವಿ ನಟರು, ಒಂದು ಹಳೇ ಹಾಡನ್ನು ಮತ್ತೆ ಹಾಡಿ! ಇರಲಿ. ಇಂದು ಜನ ಎದೆಯಲ್ಲಿ ಇಟ್ಟುಕೊಂಡದ್ದು ಎರಡನೇ ಸ್ಥಾನದ ಹಾಡನ್ನೇ.

ಮರುತಿಂಗಳೇ ಗ್ಲಾಸ್ಟನ್‌ಬರಿ. ಅಕ್ಟೋಬರಿನಲ್ಲಿ 'ಡಿಫರೆಂಟ್ ಕ್ಲಾಸ್' ಆಲ್ಬಂ. ನಂಬರ್ ಒನ್! ಬ್ರಿಟನ್ ಒಂದರಲ್ಲೇ ಹತ್ತು ಲಕ್ಷಕ್ಕೂ ಮೇಲೆ ಮಾರಾಟ. ೧೯೯೬ರಲ್ಲಿ ಪ್ರತಿಷ್ಠಿತ ಮರ್ಕ್ಯುರಿ ಪ್ರಶಸ್ತಿ. ಬಂದ ಹಣವನ್ನು ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ದುಡಿಯುವ 'ವಾರ್ ಚೈಲ್ಡ್' ಸಂಸ್ಥೆಗೆ ಕೊಟ್ಟರು. ಅಂದ ಹಾಗೆ, ಅಭಿಮಾನಿ ಸಂಘದ ಹುಡುಗರು ಕಿವಿಗೊಟ್ಟು ಕೇಳಿ. ಪಲ್ಪ್‌ನ ಅಭಿಮಾನಿ ಸಂಘ ನಡೆಸುತ್ತಿದ್ದ ಮಾರ್ಕ್ ವೆಬರ್ ಎಂಬ ಹುಡುಗ ೧೯೯೫ರಲ್ಲಿ ಗಿಟಾರ್ ಹಿಡಿದು ಬ್ಯಾಂಡಿನ ಸದಸ್ಯನೇ ಆಗಿಬಿಟ್ಟ! ಅದೃಷ್ಟ ಅಂದರೆ ಇದು!

ಮೈಕೇಲ್ ಜಾಕ್ಸನ್ ಎದುರಿಗೆ

೧೯೯೬ರ ಫೆಬ್ರವರಿ ೧೯. ಲಂಡನ್ನಿನಲ್ಲಿ ಬ್ರಿಟ್ ಪ್ರಶಸ್ತಿ ಸಮಾರಂಭ. ಮುಖ್ಯ ಅತಿಥಿ ಮೈಕೇಲ್ ಜಾಕ್ಸನ್! ಅದೇ ವರ್ಷದ ನವೆಂಬರಿನಲ್ಲಿ ಬೊಂಬಾಯಿಗೆ ಬಂದು ಇಡೀ ದೇಶವನ್ನು ಕುಣಿಸಿದನಲ್ಲ, ಆ ಜಾಕ್ಸನ್. ಅಂದು ಆತ 'ಅರ್ಥ್ ಸಾಂಗ್' ಹಾಡುತ್ತಾ, ಸುತ್ತ ಮಕ್ಕಳನ್ನು ನಿಲ್ಲಿಸಿಕೊಂಡು, ಕೈ ಚಾಚಿ ಸಾಕ್ಷಾತ್ ಏಸುವಿನ ಹಾಗೆ ನಿಂತ. ಜನ ಬೆರಗಾಗಿ ನೋಡುತ್ತಿದ್ದರು. ಜಾರ್ವಿಸ್‌ಗೆ ತಡೆಯಲಾಗಲಿಲ್ಲ. ಹಾಡುಗಾರ ದೇವರ ವೇಷ ಹಾಕುವುದೇ? ಸರ್ರನೆ ವೇದಿಕೆಗೆ ನುಗ್ಗಿ, ಜನಕ್ಕೆ ಬೆನ್ನು ತಿರುಗಿಸಿ ಹಿಂಭಾಗ ಅಲ್ಲಾಡಿಸಿ ಅಣಕಿಸಿದ!

ಗಲಾಟೆಯೋ ಗಲಾಟೆ. ವೇದಿಕೆ ಮೇಲಿದ್ದ ಮಕ್ಕಳಿಗೆ ಪೆಟ್ಟು ಮಾಡಿದ ಅನ್ನೋ ಆರೋಪದ ಮೇಲೆ ಪೋಲೀಸರು ಹಿಡಿದುಕೊಂಡು ಹೋದರು. ಅಲ್ಲಿ ಇವನ ಪರವಾಗಿ ನಿಂತದ್ದು ಬಾಬ್ ಮಾರ್ಟಿಮರ್ ಎಂಬ ಹಾಸ್ಯನಟ. ನಗಬೇಡಿ, ಆತ ಹಿಂದೆ ನಿಜವಾದ ವಕೀಲ! ಡೇವಿಡ್ ಬೋವಿ ಕಡೆಯ ಕ್ಯಾಮೆರಾದವರು ತೆಗೆದ ಚಿತ್ರದಲ್ಲಿ ಜಾರ್ವಿಸ್ ಯಾವ ಮಗುವನ್ನೂ ಮುಟ್ಟಿಲ್ಲ ಅನ್ನೋದು ಸ್ಪಷ್ಟವಾಯ್ತು. ಕೇಸು ಬೀಳಲಿಲ್ಲ.

ಆದರೆ ಬೇರೊಂದು ಶಿಕ್ಷೆ ಬಿತ್ತು. ಮರುದಿನದಿಂದ ಜಾರ್ವಿಸ್ ಹಾಡುಗಾರನಲ್ಲ, 'ಜಾಕ್ಸನ್‌ಗೆ ಅಣಕಿಸಿದವನು'. ರಸ್ತೆಗೆ ಇಳಿಯುವ ಹಾಗಿಲ್ಲ, ಅಂಗಡಿಗೆ ಹೋಗುವ ಹಾಗಿಲ್ಲ. ಪಕ್ಕದಲ್ಲಿ ನಿಂತು ಜನರನ್ನು ನೋಡಿ ಹಾಡು ಕಟ್ಟುತ್ತಿದ್ದವನನ್ನು ಈಗ ಜನರೇ ನಿಂತು ನೋಡತೊಡಗಿದರು. ಯಾವ ಬಾವಿಯಿಂದ ನೀರು ಸೇದುತ್ತಿದ್ದನೋ ಆ ಬಾವಿಯ ಬಾಯೇ ಮುಚ್ಚಿತು!

ಗೆದ್ದ ಮೇಲಿನ ಸೋಲು

೧೯೯೭ರ ಆರಂಭದಲ್ಲಿ ರಸೆಲ್ ಸೀನಿಯರ್ ಬ್ಯಾಂಡ್ ಬಿಟ್ಟ. ೧೯೯೮ರಲ್ಲಿ 'ದಿಸ್ ಈಸ್ ಹಾರ್ಡ್‌ಕೋರ್' ಬಂತು. ಕೀರ್ತಿಯ ಹಿಂದಿನ ಕತ್ತಲು, ಭಯ, ಮುಪ್ಪು... ಪಾರ್ಟಿ ಮುಗಿದ ಮೇಲೆ ಖಾಲಿ ಮನೆಯಲ್ಲಿ ಕೂತವನ ಆಲ್ಬಂ ಅದು. ಮೊದಲ ವಾರ ನಂಬರ್ ಒನ್ ಆದರೂ ಹಿಂದಿನದರ ಮಾರಾಟದ ಹತ್ತಿರಕ್ಕೂ ಬರಲಿಲ್ಲ. ಕುಣಿಯಲು ಬಂದವರಿಗೆ ಕನ್ನಡಿ ತೋರಿಸಿದರೆ ಯಾರು ನಿಲ್ಲುತ್ತಾರೆ? ಆದರೆ ತಿಳಿದವರು ಇಂದಿಗೂ ಅದನ್ನು ಅವನ ದಿಟ್ಟ ಕೆಲಸ ಅಂತಲೇ ಹೇಳುತ್ತಾರೆ. ಮತ್ತೊಂದು 'ಕಾಮನ್ ಪೀಪಲ್' ಮಾಡಿ ದುಡ್ಡು ಎಣಿಸಬಹುದಿತ್ತು. ಮಾಡಲಿಲ್ಲ.

ಆ ಆಲ್ಬಂನಲ್ಲಿ 'ಎ ಲಿಟಲ್ ಸೋಲ್' ಅಂತ ಒಂದು ಹಾಡಿದೆ. ಮಕ್ಕಳನ್ನು ಬಿಟ್ಟುಹೋದ ತಂದೆಯೊಬ್ಬ ಮಗನಿಗೆ, ನನ್ನ ಹಾಗೆ ಆಗಬೇಡಪ್ಪಾ ಅಂತ ಹೇಳುವ ಹಾಡು. ಅದು ಯಾರ ಕಥೆ ಅಂತ ಬಿಡಿಸಿ ಹೇಳಬೇಕೆ? ಅದೇ ೧೯೯೮ರಲ್ಲಿ ಜಾರ್ವಿಸ್ ಮತ್ತು ತಂಗಿ ಆಸ್ಟ್ರೇಲಿಯಾಕ್ಕೆ ಹೋಗಿ ತಂದೆಯನ್ನು ಕಂಡರು. ಹೆಚ್ಚುಕಮ್ಮಿ ಇಪ್ಪತ್ತೆಂಟು ವರ್ಷದ ಮೇಲೆ! ಸಿನಿಮಾದಲ್ಲಾದರೆ ಅಪ್ಪಿಕೊಂಡು ಅಳುವ ದೃಶ್ಯ, ಹಿನ್ನೆಲೆಯಲ್ಲಿ ಪಿಟೀಲು. ಬದುಕಿನಲ್ಲಿ ಹಾಗಾಗೋಲ್ಲ. ಆದರೂ ಮಗ ಸಿಟ್ಟು ಇಟ್ಟುಕೊಳ್ಳಲಿಲ್ಲ. ೨೦೧೬ರಲ್ಲಿ ಮ್ಯಾಕ್ ಕಾಕರ್ ತೀರಿಕೊಂಡ.

೨೦೦೧ರಲ್ಲಿ ಬಂದ 'ವಿ ಲವ್ ಲೈಫ್' ಆಲ್ಬಂ ನಂತರ, ೨೦೦೨ರಲ್ಲಿ ಪಲ್ಪ್ ಗದ್ದಲವಿಲ್ಲದೆ ನಿಂತುಹೋಯಿತು. ಜಾರ್ವಿಸ್ ಪ್ಯಾರಿಸ್ಸಿಗೆ ಹೋಗಿ ನೆಲೆಸಿದ.

ಬೆಳ್ಳಿತೆರೆಯ ಮೇಲೆ

ಇನ್ನು ನಮ್ಮ ಖಾಸ್ ವಿಷಯಕ್ಕೆ ಬರೋಣ! ೨೦೦೫ರ 'ಹ್ಯಾರಿ ಪಾಟರ್ ಅಂಡ್ ದಿ ಗಾಬ್ಲೆಟ್ ಆಫ್ ಫೈರ್' ನೋಡಿದ್ದೀರಾ? ಮಂತ್ರವಾದಿ ಮಕ್ಕಳ ನೃತ್ಯಕೂಟದಲ್ಲಿ ಉದ್ದ ಕೂದಲು ಹಾರಿಸಿಕೊಂಡು ಹಾಡುವವನು ಯಾರು ಅಂತೀರಿ? ಇವನೇ! ಜೊತೆಗೆ ನುಡಿಸಿದವರಲ್ಲಿ ಗೆಳೆಯ ಸ್ಟೀವ್ ಮ್ಯಾಕಿ ಮತ್ತು 'ರೇಡಿಯೋಹೆಡ್' ಬ್ಯಾಂಡಿನ ಇಬ್ಬರಿದ್ದರು. ೨೦೦೯ರಲ್ಲಿ ವೆಸ್ ಆಂಡರ್ಸನ್ ಅವರ ಬೊಂಬೆ ಚಿತ್ರ 'ಫೆಂಟಾಸ್ಟಿಕ್ ಮಿಸ್ಟರ್ ಫಾಕ್ಸ್'ನಲ್ಲಿ ಒಂದು ಬೊಂಬೆಗೆ ಕಂಠ ಕೊಟ್ಟ, ಹಾಡನ್ನೂ ಹಾಡಿದ. ೨೦೨೧ರ 'ದಿ ಫ್ರೆಂಚ್ ಡಿಸ್‌ಪ್ಯಾಚ್'ಗಾಗಿ ಫ್ರೆಂಚ್ ಭಾಷೆಯಲ್ಲೇ ಹಾಡಿದ. ೨೦೧೦ರಿಂದ ೨೦೧೭ರವರೆಗೆ ಬಿಬಿಸಿ ರೇಡಿಯೋದಲ್ಲಿ ಭಾನುವಾರದ ಕಾರ್ಯಕ್ರಮ ನಡೆಸಿ, ತನಗಿಷ್ಟವಾದ ಹಾಡುಗಳನ್ನು ಜನಕ್ಕೆ ಕೇಳಿಸಿದ. ಒಂದು ಕಾಲದಲ್ಲಿ ಕ್ಯಾಸೆಟ್ ಹಿಡಿದು ಪೀಲ್ ಮುಂದೆ ನಿಂತಿದ್ದ ಹುಡುಗ ಈಗ ಮೈಕಿನ ಆ ಕಡೆ!

೨೦೧೧ರಲ್ಲಿ ಪಲ್ಪ್ ಮತ್ತೆ ಒಂದಾಯಿತು. ೨೦೧೨ರ ಡಿಸೆಂಬರಿನಲ್ಲಿ ಶೆಫೀಲ್ಡಿಗೇ ಬಂದು ಹಾಡಿತು. ಆ ಊರು, ಆ ರಾತ್ರಿ, ಅಲ್ಲಿಯ ಮುದುಕರು, ಮೀನು ಮಾರ್ಕೆಟ್ಟಿನವರು, ಪೇಪರ್ ಮಾರುವವರು, ಎಲ್ಲರನ್ನೂ ಸೇರಿಸಿ ೨೦೧೪ರಲ್ಲಿ ಒಂದು ಸಾಕ್ಷ್ಯಚಿತ್ರವೇ ಬಂತು. ನಿರ್ದೇಶಕ ಫ್ಲೋರಿಯನ್ ಹ್ಯಾಬಿಕ್ಟ್.

೨೦೨೩ರಲ್ಲಿ ಮತ್ತೊಮ್ಮೆ ಸೇರುವ ಸಿದ್ಧತೆ ನಡೆದಿದ್ದಾಗ ಮಾರ್ಚ್ ತಿಂಗಳಲ್ಲಿ ಸ್ಟೀವ್ ಮ್ಯಾಕಿ ತೀರಿಕೊಂಡ. ವಯಸ್ಸು ಬರೀ ಐವತ್ತಾರು. ಉಳಿದವರು ಹಾಡು ನಿಲ್ಲಿಸಲಿಲ್ಲ. ಇಪ್ಪತ್ನಾಲ್ಕು ವರ್ಷದ ನಂತರ, ೨೦೨೫ರ ಜೂನ್‌ನಲ್ಲಿ 'ಮೋರ್' ಎಂಬ ಹೊಸ ಆಲ್ಬಂ ತಂದು ಅದನ್ನು ಮ್ಯಾಕಿಗೇ ಅರ್ಪಿಸಿದರು. ಅರವತ್ತೊಂದರ ಜಾರ್ವಿಸ್ ಬ್ರಿಟನ್ ಪಟ್ಟಿಯಲ್ಲಿ ಮತ್ತೆ ನಂಬರ್ ಒನ್! ಅದೇ ತಿಂಗಳು ೨೮ರಂದು ಗ್ಲಾಸ್ಟನ್‌ಬರಿಯ ಪಟ್ಟಿಯಲ್ಲಿ 'ಪ್ಯಾಚ್‌ವರ್ಕ್' ಎಂಬ ಯಾರೂ ಕೇಳದ ಬ್ಯಾಂಡಿನ ಹೆಸರಿತ್ತು. ಪರದೆ ಸರಿದಾಗ ನಿಂತವರು ಪಲ್ಪ್!

ಹಾಗಾದರೆ ಆ ಮಾತು ನಿಜವೇ?

ಗಟ್ಟಿಯಾಗಿ ಆಸೆಪಟ್ಟರೆ ಆಗೇ ಆಗುತ್ತೆ ಅಂದನಲ್ಲ, ಈಗ ಲೆಕ್ಕ ನೋಡೋಣ. ಆಸೆ ಇತ್ತು, ಸರಿ. ಆದರೆ ಶೆಫೀಲ್ಡಿನಲ್ಲಿ ಅಷ್ಟೇ ಆಸೆ ಇದ್ದ, ಹೆಸರೇ ಉಳಿಯದ ಹುಡುಗರು ಇನ್ನೆಷ್ಟೋ ಮಂದಿ. ಜಾರ್ವಿಸ್‌ನ ಕಾಲ ಕೆಳಗೆ ಒಂದಿಷ್ಟು ನೆಲ ಇತ್ತು. ಡೋಲ್ ಕೊಟ್ಟ ಸರ್ಕಾರ ಇತ್ತು. ಶುಲ್ಕವಿಲ್ಲದೆ ಓದಿಸುವ ಕಾಲೇಜು ಇತ್ತು. ಇಂಗ್ಲೆಂಡಿನ ಕಾಲೇಜುಗಳಿಗೆ ಶುಲ್ಕ ಬಂದದ್ದು ೧೯೯೮ರಲ್ಲಿ. ಹೆಸರಿಲ್ಲದವನ ಕ್ಯಾಸೆಟ್ ಕೇಳುವ ರೇಡಿಯೋದವನೊಬ್ಬ ಇದ್ದ. ಒಂದು ಸೈಕಲ್ ಅಪಘಾತವೂ ಸೇರಿತು! ಇವೆಲ್ಲಾ ಇಲ್ಲದಿದ್ದರೆ ಆಸೆ ಎಷ್ಟೇ ಗಟ್ಟಿಯಾಗಿದ್ದರೂ ಆತ ಮೀನಿನಂಗಡಿಯಲ್ಲೇ ಉಳಿಯುತ್ತಿದ್ದ. ವೇದಿಕೆಯ ಮೇಲಿಂದ ಹೇಳಿದ ಮಾತು ಅರ್ಧ ಸತ್ಯ.

ಮಿಕ್ಕ ಅರ್ಧ ಎಲ್ಲಿದೆ? ಅವನು ಕಾದ ರೀತಿಯಲ್ಲಿ. ಮೀನಿನ ವಾಸನೆ, ಗಾಲಿ ಕುರ್ಚಿ, ಡೋಲ್ ಕ್ಯೂ, ಶ್ರೀಮಂತ ಹುಡುಗಿಯ ಮಾತು... ಯಾವುದನ್ನ�� ಅವಮಾನ ಅಂತ ಎಸೆಯಲಿಲ್ಲ. ಎಲ್ಲವನ್ನೂ ಕೂಡಿಟ್ಟ. ಅಕ್ಷರಶಃ ಕೂಡಿಟ್ಟ! ೨೦೨೨ರಲ್ಲಿ 'ಗುಡ್ ಪಾಪ್, ಬ್ಯಾಡ್ ಪಾಪ್' ಅಂತ ಒಂದು ಪುಸ್ತಕ ಬರೆದ. ಮನೆಯ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಸಾಮಾನುಗಳನ್ನು ಒಂದೊಂದಾಗಿ ತೆಗೆದು, ಇಟ್ಟುಕೊಳ್ಳಲೋ ಎಸೆಯಲೋ ಅಂತ ಯೋಚಿಸುತ್ತಾ ತನ್ನ ಕಥೆ ಹೇಳುವ ಪುಸ್ತಕ. ಸೋಪಿನ ಚೂರು, ಚ್ಯೂಯಿಂಗ್ ಗಮ್, ಹಳೇ ಅಂಗಿ... ಅವುಗಳ ನಡುವೆ ಹದಿನೈದು ವರ್ಷದ ಹುಡುಗನ ಆ ಶಾಲಾ ನೋಟ್‌ಬುಕ್ಕೂ ಸಿಕ್ಕಿತು, ಮಾಸ್ಟರ್ ಪ್ಲಾನ್ ಸಮೇತ.

ಆದ್ದರಿಂದ ಛಾನ್ಸಿಗೆ ಕಾಯುತ್ತಿರುವ ತಮ್ಮಂದಿರೇ, ಕಾಯಿರಿ, ಬೇಡ ಅನ್ನೋಲ್ಲ. ಆದರೆ ಬರೀಗೈಯಲ್ಲಿ ಕಾಯಬೇಡಿ. ಕೆಲಸ ಮಾಡುವ ಅಂಗಡಿ, ಓಡಾಡುವ ಬಸ್ಸು, ಗೇಲಿ ಮಾಡಿದ ಬಾಯಿ, ಎಲ್ಲವನ್ನೂ ನೋಡಿಟ್ಟುಕೊಳ್ಳಿ. ಒಂದು ಎರಡು ರೂಪಾಯಿಯ ನೋಟ್‌ಬುಕ್ಕಾದರೂ ಇರಲಿ. ಕರೆ ಬರುತ್ತೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಬಂದ ದಿನ ಹಾಡಲು ನಮ್ಮ ಹತ್ತಿರ ಹಾಡಿರಬೇಕು, ಅಷ್ಟೆ!